ಕಂಬಳಿಯೇ ಬೇಕೆನ್ನುವ ಗಿಡ್ಡ್ಯಾ

ಮಾವನವರು ಪಡಸಾಲೆಯ ಕಂಬಳಿಯ ಮೇಲೆ ಕೂತರು. ಕೂತಷ್ಟೇ ಬೇಗ ಎದ್ದರು.

ಬಾಗಿಲಲ್ಲಿ ಇಬ್ಬರು ಬೀಗರು ಚಪ್ಪಲಿ ಬಿಡುತ್ತಿದ್ದರು. ಮಾವನವರ ಧೋತರದ ಹಿಂಭಾಗ ಒದ್ದೆ...

ತಪ್ಪಿತಸ್ಥ ಕಂಬದ ಪಕ್ಕ ಕೂತು ಬಾಲ ಅಲ್ಲಾಡಿಸುತ್ತಿದ್ದ.

ಇಸವಿ ಅರವತ್ತೆಂಟೋ ಅರವತ್ತೊಂಬತ್ತೋ ಇರಬೇಕು. ನಾನು ಜತ್ತದಲ್ಲಿ ಮ್ಯಾಟ್ರಿಕ್ ಮುಗಿಸಿ, ಒಂದು ಟ್ರಂಕ್ ಪುಸ್ತಕದ ಜೊತೆ ಸೋನ್ಯಾಳದ ಈ ಮನೆಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಆ ಮನೆಯಲ್ಲಿ ನನ್ನ ಮಾತು ಕೇಳುತ್ತಿದ್ದ ಏಕೈಕ ಜೀವ ಈ ಗಿಡ್ಡ್ಯಾ.

ವಳಸಂಗದ ಕುರಿಗಾರ ಮಾಯಪ್ಪ ತಂದುಕೊಟ್ಟ ನಾಯಿ ಅದು. ಅವನ ಕುರಿನಾಯಿಗಳೆಲ್ಲ ಕರುವಿನಷ್ಟು ಎತ್ತರ. ಇದೊಂದು ಮಾತ್ರ ಎರಡು ವರ್ಷವಾದರೂ ಬೆಕ್ಕಿಗಿಂತ ನಾಲ್ಕು ಬೆರಳು ಎತ್ತರ, ಅಷ್ಟೇ. ಹಟ್ಟಿಯಲ್ಲಿದ್ದರೆ ತೋಳದ ಪಾಲಾಗುತ್ತದೆ ಎಂದು ನಮ್ಮಲ್ಲಿ ಬಿಟ್ಟಿದ್ದ.

ಹೊರಗೆ ಕಣ್ಣು ಹಾಯುವಷ್ಟು ಬಯಲಿತ್ತು. ಗಿಡ್ಡ್ಯಾ ಬಯಲೆಲ್ಲ ಸುತ್ತಿ, ಜಾಲಿ ಗಿಡ ಮೂಸಿ, ಬೇಲಿ ಮೂಸಿ, ಏನೂ ಮಾಡದೆ ಒಳಗೆ ಬಂದು, ಕಂಬಳಿ ಹುಡುಕಿ, ಮೂರು ಸುತ್ತು ಹಾಕಿ ಕೆಲಸ ಮುಗಿಸುತ್ತಿದ್ದ.

ಚಾಪೆ ನಡೆಯುತ್ತಿರಲಿಲ್ಲ. ಜಮಖಾನೆ ನಡೆಯುತ್ತಿರಲಿಲ್ಲ. ಕಂಬಳಿಯೇ ಬೇಕು.

ನಮ್ಮ ಕಡೆ ಬಂದವರಿಗೆ ಮೊದಲು ಕಂಬಳಿ ಹಾಸುತ್ತಾರೆ, ನೀರು ಆಮೇಲೆ. ಹೀಗಾಗಿ ಗಿಡ್ಡ್ಯಾ ಉಚ್ಚೆ ಹೊಯ್ಯುತ್ತಿದ್ದದ್ದು ನೇರವಾಗಿ ಮನೆತನದ ಮರ್ಯಾದೆಯ ಮೇಲೆ.

ಮಾವನವರು ಬೇರೆ ಧೋತರ ಉಟ್ಟು ಬಂದರು. "ಅಮಾಸಿ ತನಕ ನೋಡ್ತೀನಿ. ಆಮ್ಯಾಲ ಇದು ಮಾಯಪ್ಪನ ಹಟ್ಟಿಗಿ ಹೋಗ್ತದ."

ಹಟ್ಟಿಗೆ ಅಂದರೆ ತೋಳಕ್ಕೆ. ಉಳಿದದ್ದು ಹದಿಮೂರು ದಿನ.

ಅತ್ತೆ ಕಂಬಳಿಯ ಮೇಲೆ ಖಾರದ ಪುಡಿ ಉದುರಿಸಿದರು. ಗಿಡ್ಡ್ಯಾ ಸೀನಿದ, ಸೀನುತ್ತಲೇ ಮಾಡಿದ. ಆಮೇಲೆ ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದರು. ಅಷ್ಟು ಸಣ್ಣ ನಾಯಿಗೆ ಯಾರ ದೃಷ್ಟಿ ತಾಗಿತ್ತೋ...

"ಸಾಲಿ ಕಲ್ತಾಕಿ ಅದಿ," ಅಂದರು ನನಗೆ. "ಒಂದು ನಾಯಿಗಿ ಬುದ್ಧಿ ಕಲಿಸಾಕ ಆಗವಲ್ದು ನಿನಗ?"

ನನಗೆ ಸಿಟ್ಟು ಬಂತು. ಐವತ್ತು ವರ್ಷ ದಾಟಿದರೂ ನೆನೆದರೆ ಈಗಲೂ ಬರುತ್ತದೆ.

ಅದೇ ಮನೆಯ ಗಂಡಸರು ಊರಿನ ಯಾವ ಗೋಡೆಯನ್ನೂ ಒಣಗಲು ಬಿಟ್ಟವರಲ್ಲ. ಅವರಿಗೆ ಯಾರೂ ಖಾರದ ಪುಡಿ ಉದುರಿಸಲಿಲ್ಲ. ಹೆಂಗಸರಾದ ನಾವು ಕತ್ತಲಾಗುವ ತನಕ ತಡೆದುಕೊಂಡು ಕೂರಬೇಕಿತ್ತು. ಬೇಕಾದಾಗ ಬೇಕಾದಲ್ಲಿ ಹೊಯ್ಯುವ ಸ್ವಾತಂತ್ರ್ಯ ಆ ಮನೆಯಲ್ಲಿ ಗಂಡಸರಿಗೆ ಮತ್ತು ಗಿಡ್ಡ್ಯಾನಿಗೆ ಮಾತ್ರ.

ಇರಲಿ. ಓದಿದವಳಲ್ಲವೇ, ಯೋಚನೆ ಮಾಡಿದೆ. ಕಂಬಳಿ ಬೇಕು ಅಂದರೆ ಕಂಬಳಿಯನ್ನೇ ಕೊಡೋಣ.

ಅಟ್ಟದ ಮೇಲೆ ಅಂಚು ಹರಿದ ಹಳೆಯ ಕಂಬಳಿಯೊಂದು ಬಿದ್ದಿತ್ತು. ಅರ್ಧಕ್ಕೆ ಕತ್ತರಿಸಿ ಹಿತ್ತಲಿನ ಬೇಲಿಯ ಬುಡದಲ್ಲಿ ಹಾಸಿದೆ. ಗಿಡ್ಡ್ಯಾ ಅವತ್ತೇ ಅಲ್ಲಿಗೆ ಹೋಗಿ ಮೂರು ಸುತ್ತು ಹಾಕಿದ.

ಒಂದು ವಾರ ಪಡಸಾಲೆ ಒಣಗಿತ್ತು. "ಕಲ್ತ ಸೊಸಿ ಅಂದ್ರ ಹಿಂಗ" ಎಂದು ಮಾವನವರು ಬಂದವರ ಮುಂದೆಲ್ಲ ಹೇಳಿದರು. ನನಗೂ ಸ್ವಲ್ಪ ಕೋಡು ಮೂಡಿತು ಎನ್ನಿ.

ಅಮಾವಾಸ್ಯೆಗೆ ಎರಡು ದಿನವಿದ್ದಾಗ ಮಾಯಪ್ಪ ಬಂದ. ಕೈಕಾಲು ತೊಳೆಯಲು ಹಿತ್ತಲಿಗೆ ಹೋದವನು ತಿರುಗಿ ಬರಲೇ ಇಲ್ಲ.

ಹೋಗಿ ನೋಡುತ್ತೇನೆ, ಆ ತುಂಡಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾನೆ. ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದಿದ್ದಾನೆ.

"ಇದು ನಮ್ಮಪ್ಪ ನೇದದ್ದರಿ, ಅವ್ವಾರ."

ಕುರಿಗಾರರಲ್ಲಿ ಕಂಬಳಿ ಹಾಸಿ, ಭಂಡಾರದ ಅರಿಶಿನ ಹಚ್ಚಿ, ಅದರ ಮೇಲೆ ದೇವರನ್ನು ಕೂರಿಸುತ್ತಾರೆ. ಹರಿದ ಕಂಬಳಿಯನ್ನೂ ಕಾಲಿನಿಂದ ಸರಿಸುವುದಿಲ್ಲ. ಟ್ರಂಕ್ ತುಂಬ ಪುಸ್ತಕವಿದ್ದವಳಿಗೆ ಪಕ್ಕದ ಊರಿನ ದೇವರು ಯಾವುದರ ಮೇಲೆ ಕೂರುತ್ತಾನೆ ಎಂಬುದೇ ಗೊತ್ತಿರಲಿಲ್ಲ.

"ತಪ್ಪಾತು ಕಾಕಾ," ಅಂದೆ. "ಹಾಸಿದಾಕಿ ನಾ. ನಾಯಿಗಿ ಬೈಬ್ಯಾಡ್ರಿ."

"ನಾಯಿಗ್ಯಾಕ ಬೈಲಿರಿ? ಅದು ಸಾಲಿಗಿ ಹೋಗಿಲ್ಲ."

ಅಷ್ಟರಲ್ಲಿ ಅತ್ತೆ ಬಂದರು, ಒಂದು ನೋಟದಲ್ಲಿ ಎಲ್ಲ ತಿಳಿದುಕೊಂಡರು. "ಒಯ್ದುಬಿಡೋ ಮಾಯಪ್ಪ ಆ ನಾಯಿನ. ಪೀಡಾ ಹೋಗ್ಲಿ."

ಗಿಡ್ಡ್ಯಾ ಅವನ ಕಾಲು ಮೂಸುತ್ತಿದ್ದಾನೆ.

ಮಾಯಪ್ಪ ಆ ತುಂಡನ್ನು ಎತ್ತಿಕೊಂಡು ಹೋಗಿ, ತಾನೇ ಬಾವಿಯಿಂದ ನೀರು ಸೇದಿ ಒಗೆದ. ನಾನು ಒಗೆಯುತ್ತೇನೆ ಎಂದು ಮುಂದೆ ಹೋದರೆ ಕೈ ಅಡ್ಡ ಹಿಡಿದ. ಹಿಂಡಿ, ಮಡಿಚಿ, ಹೆಗಲ ಮೇಲೆ ಹಾಕಿಕೊಂಡ.

"ಇದು ಹುಟ್ಟಿದ್ದು ಕುರಿ ನಡುವ," ಅಂದ. "ಕುರಿ ವಾಸನಿ ಬಂದಲ್ಲೇ ಮಾಡ್ತದ. ಕಂಬಳ್ಯಾಗೂ ಅದ ವಾಸನಿ. ಒಂದು ಬುಟ್ಟಿ ಹಿಕ್ಕಿ ಕಳಿಸ್ತೀನಿ, ಬೇಲಿ ಬುಡಕ ಚೆಲ್ರಿ. ಇಷ್ಟ ಔಷಧ."

"ಮತ್ತ ನಾಯಿ?" ಅಂದೆ.

"ಇಲ್ಲೇ ಇರ್ಲಿ. ತ್ವಾಳಕ್ಕ ಹಾಕಾಕ ನಾ ಇದನ್ನ ಉಳಿಸಿಲ್ಲ."

ಮರುದಿನ ಒಂದು ಬುಟ್ಟಿ ಕುರಿಹಿಕ್ಕೆ ಬಂತು. ಚೆಲ್ಲಿದೆವು. ಗಿಡ್ಡ್ಯಾ ಮೂಸಿದ, ಮೂರು ಸುತ್ತು ಹಾಕಿದ, ಮುಗಿಯಿತು. ಆಮೇಲೆ ಆ ಮನೆಯ ಕಂಬಳಿ ಒದ್ದೆಯಾದದ್ದು ನನ್ನ ಮಕ್ಕಳು ಹುಟ್ಟಿದ ಮೇಲೆಯೇ.

ಈಗಿನವರು ನಾಯಿಗೆ ಟ್ರೇನರ್ ಕರೆಸುತ್ತಾರೆ, ಪ್ಯಾಡ್ ಆರ್ಡರ್ ಮಾಡುತ್ತಾರೆ. ಮಾಡಲಿ. ನನಗೆ ನೆನಪಾಗುವುದು ಬೇರೆ.

ಮಾಯಪ್ಪ ಮುಂದೆಯೂ ಬರುತ್ತಿದ್ದ, ನಗುತ್ತಿದ್ದ, ಚಹಾ ಕುಡಿಯುತ್ತಿದ್ದ. ಆ ವಿಷಯ ಒಂದು ದಿನವೂ ಎತ್ತಲಿಲ್ಲ. ಆದರೆ ನಾವು ಅವನ ಹಟ್ಟಿಗೆ ಹೋದಾಗ ಎಲ್ಲರಿಗೂ ಕಂಬಳಿ ಹಾಸುತ್ತಿದ್ದ. ನನಗೊಬ್ಬಳಿಗೆ ಗೋಣಿಚೀಲ.

ಗಿಡ್ಡ್ಯಾ ಹೋಗಿ ಆ ಕಂಬಳಿಯ ನಟ್ಟನಡುವೆ ಮಲಗುತ್ತಿದ್ದ. ಅವನನ್ನು ಯಾರೂ ಏಳಿಸುತ್ತಿರಲಿಲ್ಲ.

ಹೊಯ್ದವನಿಗೆ ಕಂಬಳಿ, ಹಾಸಿದವಳಿಗೆ ಗೋಣಿಚೀಲ... ಎಷ್ಟು ಯೋಚಿಸಿದರೂ ಇದರಲ್ಲಿ ಅನ್ಯಾಯ ಹುಡುಕಲು ನನಗೆ ಆಗಿಲ್ಲ, ನಿಮಗೆ ಆಗುತ್ತದೆಯೇ?