ಕಾಕಾ ಹಗ್ಗ ಹಾಕದೆ ಸಾಕಿದ ನಾಯಿ

ಮೊನ್ನೆ ಲಿಫ್ಟಿನ ಬಾಗಿಲು ತೆರೆದದ್ದೇ ತಡ, ಒದ್ದೆ ನಾಯಿಯ ವಾಸನೆ ಮೂಗಿಗೆ ಬಡಿಯಿತು. ಮಳೆಯಲ್ಲಿ ತೊಯ್ದ ನಾಯಿಗೆ ಹಳೇ ಗೋಣಿಚೀಲದಂಥ ಒಂದು ವಾಸನೆ ಇರುತ್ತದಲ್ಲ, ಅದು. ಒಳಗೆ ಏಳನೇ ಮಹಡಿಗೆ ಹೊಸದಾಗಿ ಬಂದ ಹುಡುಗಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಿಂತಿದ್ದಳು. ನಾಯಿಯ ಬೆಲ್ಟು ನಾಯಿಯ ಕೊರಳಲ್ಲಿರಲಿಲ್ಲ, ಅವಳ ಕೊರಳಲ್ಲಿ ಹಾರದ ಹಾಗೆ ತೂಗುತ್ತಿತ್ತು. "ಆಂಟಿ, ಆಜಾವೋ, ಯೇ ಕುಛ್ ನಹೀ ಕರ್ತಾ" ಅಂದಳು. ಏನೂ ಮಾಡಲ್ಲವಂತೆ. "ಪೆಹಲೇ ಬೆಲ್ಟ್ ಲಗಾವ್, ಫಿರ್ ಆವೂಂಗಿ" ಅಂದೆ, ಮೊದಲು ಬೆಲ್ಟು ಹಾಕು, ಆಮೇಲೆ ಬರುತ್ತೇನೆ ಅಂತ. ಅವಳು ಮುಖ ಸಿಂಡರಿಸಿದಳು, ಬಾಗಿಲು ಮುಚ್ಚಿಕೊಂಡಿತು. ನಾನು ತರಕಾರಿ ಚೀಲ ಹೊತ್ತು, ಮಂಡಿಗೆ ಬೈಯುತ್ತ ಮೆಟ್ಟಿಲು ಹತ್ತಿದೆ. ಎಲ್ಲೋ ಮಧ್ಯದಲ್ಲಿ ಉಸಿರಿಗೆ ನಿಂತಾಗ ಕಾಕಾ ನೆನಪಾದರು…

ಈಗ ಸಯನ್‌ನಲ್ಲಿದ್ದೇವೆ. ಆಗ ಘಾಟ್ಕೋಪರ್‌ನಲ್ಲಿದ್ದೆವು. ಸ್ಟೇಷನ್‌ನಿಂದ ನಡೆದು ಹೋಗುವಷ್ಟು ಹತ್ತಿರದ, ಲಿಫ್ಟಿಲ್ಲದ ಹಳೇ ಬಿಲ್ಡಿಂಗ್. ನಮ್ಮದು ಮೊದಲನೇ ಮಹಡಿ, ನಮ್ಮ ಕೆಳಗಿನ ಮನೆ ಕಾಕಾರದು. ಬೆಳಗಾವಿ ಕಡೆಯವರು. ಗ್ರಾಂಟ್ ರೋಡಿನಲ್ಲಿ ಬೀಗ, ಚಿಲಕ, ಮೊಳೆ ಮಾರುವ ಅಂಗಡಿ ಇಟ್ಟು, ಅದನ್ನು ಮಗನಿಗೆ ಬಿಟ್ಟುಕೊಟ್ಟು ಮನೆಯಲ್ಲಿದ್ದರು. ಹೆಂಡತಿ ಹೋಗಿ ಬಹಳ ವರ್ಷವಾಗಿತ್ತು. ಸೊಸೆ ಗುಜರಾತಿ, ಒಳ್ಳೆಯವಳು. ಮೊಮ್ಮಕ್ಕಳು ಹಿಂದಿ, ಇಂಗ್ಲಿಷು. ಮಗನಿಗೆ ಕನ್ನಡ ತಿಳಿಯುತ್ತಿತ್ತು, ನಾಲಿಗೆ ಹೊರಳುತ್ತಿರಲಿಲ್ಲ. ಹಾಗಾಗಿ ಕಾಕಾ ದಿನವಿಡೀ ಕನ್ನಡ ಮಾತಾಡುತ್ತಿದ್ದದ್ದು ಇಬ್ಬರೊಡನೆ. ಒಂದು ನಾನು, ಆಫೀಸಿನಿಂದ ಬಂದಮೇಲೆ. ಇನ್ನೊಂದು ಅವರ ನಾಯಿ.

ಮುಧೋಳ ನಾಯಿ. ಊರಿನ ನೆಂಟರ ಮನೆಯಿಂದ ಮರಿಯಾಗಿದ್ದಾಗ ತೊಡೆಯ ಮೇಲೆ ಕೂರಿಸಿಕೊಂಡು ತಂದದ್ದಂತೆ. ಹೆಸರು ಗುಂಡ್ಯಾ. ಗುಂಡಗೆ ಅನ್ನುವುದು ಅದರ ಮೈಯಲ್ಲಿ ಎಲ್ಲೂ ಇರಲಿಲ್ಲ, ಪಕ್ಕೆಲುಬು ಎಣಿಸಬಹುದಿತ್ತು. ಯಾರಾದರೂ "ಖಾನಾ ನಹೀ ದೇತೇ ಕ್ಯಾ?" ಅಂತ, ಊಟ ಹಾಕಲ್ಲವಾ ಅಂತ ಕೇಳಿದರೆ ಕಾಕಾರ ಪಿತ್ತ ನೆತ್ತಿಗೇರುತ್ತಿತ್ತು. "ಓಡೋ ನಾಯಿ ಇದು. ನಿಮ್ಮ ಸೋಫಾ ನಾಯಿ ಅಲ್ಲ" ಅಂತ ಕನ್ನಡದಲ್ಲೇ ಝಾಡಿಸುತ್ತಿದ್ದರು. ಕೇಳಿದವರಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ನನಗೆ ನಗು.

ಆ ನಾಯಿಗೆ ಹಗ್ಗ ಇರಲಿಲ್ಲ. ಸರಪಳಿ ಇಲ್ಲ, ಬೆಲ್ಟ್ ಇಲ್ಲ, ಏನೂ ಇಲ್ಲ. ಕಾಕಾ ಮುಂದೆ, ಅದು ಹಿಂದೆ. "ನಿಂದ್ರು" ಅಂದರೆ ನಿಲ್ಲುತ್ತಿತ್ತು, "ಕುಂದ್ರು" ಅಂದರೆ ಕೂರುತ್ತಿತ್ತು. ಬೆಕ್ಕಿನ ಹಿಂದೆ ಬಾಣದ ಹಾಗೆ ಹೊರಟದ್ದು ಕಾಕಾರ "ಏ!" ಕೇಳಿ ಅಲ್ಲೇ ನೆಲಕ್ಕೆ ಅಂಟಿದ್ದನ್ನು ನಾನೇ ನೋಡಿದ್ದೇನೆ. ಗಂಟಲೂ ಹಾಗಿತ್ತು ಬಿಡಿ. ಗೇಟಿನಲ್ಲಿ ಮಾತಾಡಿದರೆ ನಮ್ಮ ಅಡುಗೆಮನೆಯಲ್ಲಿ ಕೇಳುತ್ತಿತ್ತು. ಭಾನುವಾರ ಮಗ ಅಂಗಡಿಯ ಟೆಂಪೋ ತಂದರೆ "ಹತ್ತಲೇ" ಅನ್ನುವುದೊಂದೇ, ಗುಂಡ್ಯಾ ಹಿಂದೆ ಸಾಮಾನು ಹೇರುವ ಡಾಲಾದ ಮೇಲೆ ಹಾರಿ ಕೂತಿರುತ್ತಿತ್ತು. ಇಬ್ಬರೂ ಗಾಳಿ ಕುಡಿದು ಬರುತ್ತಿದ್ದರು.

ನಾನು ಮೈಸೂರು ಕಡೆಯವಳು. ಕಾಕಾ ರೇಗಿಸುತ್ತಿದ್ದರು. "ತಂಗೀ, ನಿಮ್ಮ ಕನ್ನಡಾ ಅಂದ್ರ ಬೆಲ್ಲಾ ಹಾಕಿದ ಸಾರು ನೋಡು. ಖಾರನ ಇಲ್ಲ." ನಾನು ಬಿಡುತ್ತಿದ್ದೆನೇ? ಸೊಂಟಕ್ಕೆ ಕೈಯಿಟ್ಟು, ದನಿ ದಪ್ಪ ಮಾಡಿ, ಅವರ ಹಾಗೆಯೇ "ಏ ಗುಂಡ್ಯಾ, ಕುಂದ್ರಲೇ!" ಅನ್ನುತ್ತಿದ್ದೆ. ನಾಯಿ ಗಾಬರಿಯಾಗಿ ಕಾಕಾರ ಮುಖ ನೋಡಿ, ನನ್ನ ಮುಖ ನೋಡಿ, ಕೊನೆಗೆ ಕೂತುಬಿಡುತ್ತಿತ್ತು. ಕಾಕಾ ಕೆಮ್ಮು ಬರುವವರೆಗೆ ನಗುತ್ತಿದ್ದರು. ನನ್ನ ಮಗಳಿಗೆ ಆಗ ಆರು ವರ್ಷ. ಅವಳನ್ನು ಗುಬ್ಬಿ ಅನ್ನುತ್ತಿದ್ದರು. ಪೇಟೆಯಿಂದ ಏನು ತಿಂಡಿ ತಂದರೂ ಮೊಮ್ಮಕ್ಕಳ ಜೊತೆ ಅವಳಿಗೂ ಒಂದು ಪಾಲು ಇರುತ್ತಿತ್ತು.

ನಕ್ಕಿದ್ದೂ ನಿಜ, ಹೇಳಿದ್ದೂ ನಿಜ. "ಕಾಕಾ, ಕಾಂಪೌಂಡಿನಲ್ಲಿ ಮಕ್ಕಳು ಆಡ್ತಾವೆ. ಅದನ್ನ ಕಟ್ಟಿ ಕರ್ಕೊಂಡು ಬನ್ನಿ" ಅಂತ ಎಷ್ಟೋ ಸಲ ಹೇಳಿದ್ದೆ. ಸೊಸೈಟಿಯ ಸೆಕ್ರೆಟರಿಯೂ ಹೇಳಿದ್ದರು. ಕಾಕಾರ ಉತ್ತರ ಒಂದೇ. "ಹಗ್ಗಾ ಯಾಕ ಬೇಕು? ನನ್ನ ಮಾತ ಐತಲ್ಲ ಅದಕ್ಕ. ಕಟ್ಟಿದ್ರ ಅದರ ಮಾನಾ ಹೋಗತೈತಿ." ಮಾನ ನಾಯಿಯದೋ ಅವರದೋ… ನಾನು ಕೇಳಲಿಲ್ಲ.

ಆಮೇಲೆ ಆ ಕೆಮ್ಮು ನಿಲ್ಲಲಿಲ್ಲ. ತಂಬಾಕು ಜಗಿಯುತ್ತಿದ್ದವರು, ಬೀಡಿಯೂ ಇತ್ತು. ಗಂಟಲಲ್ಲಿ ಗಡ್ಡೆ ಅಂದರು. ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕೊರಳಲ್ಲೊಂದು ತೂತು, ಅದರ ಮೇಲೆ ಬಿಳೀ ಬಟ್ಟೆ, ಹಾಗೆ ಮನೆಗೆ ಬಂದರು. ನಾನು ನೋಡಲು ಹೋದಾಗ ಬಾಯಿ ಆಡಿಸಿದರು, ಗಾಳಿಯೂ ಹೊರಡಲಿಲ್ಲ. ಗುಂಡ್ಯಾ ಅವರ ಮಂಚದ ಕೆಳಗೆ ಮಲಗಿತ್ತು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಅತ್ತೆ. ಆ ಮನೆಯವರಿಗಾಗಿ ನಾನು ಅತ್ತದ್ದು ಅದೇ ಕೊನೆ.

ಚೇತರಿಸಿಕೊಂಡ ಮೇಲೆ ಮತ್ತೆ ನಾಯಿಯ ಜೊತೆ ಕೆಳಗಿಳಿದರು. ಈಗ ಮಾತಿನ ಬದಲು ಕೈ. ಅಂಗೈ ತೋರಿಸಿದರೆ ನಿಲ್ಲಬೇಕು, ಕೆಳಗೆ ಒತ್ತಿದರೆ ಕೂರಬೇಕು. ನಾಯಿ ಬೇಗ ಕಲಿತುಕೊಂಡಿತು. ಹಗ್ಗ ಮಾತ್ರ ಆಗಲೂ ಇಲ್ಲ. "ಈಗಲಾದರೂ ಕಟ್ಟಿ ಕಾಕಾ" ಅಂದೆ. ಕೈ ಎತ್ತಿ ತೋರಿಸಿದರು, ಗುಂಡ್ಯಾ ಕೂತಿತು. ನೋಡು ಅನ್ನುವ ಹಾಗೆ ಹುಬ್ಬು ಹಾರಿಸಿದರು. ನಾಯಿ ಇವರ ಕಡೆ ನೋಡುತ್ತಿದ್ದರೆ ತಾನೇ ಕೈ ಕಾಣುವುದು? ಬೆನ್ನು ಮಾಡಿ ಓಡುವ ನಾಯಿಗೆ ಕೈ ಹೇಗೆ ಕಾಣಬೇಕು? ಇಷ್ಟು ಸಣ್ಣ ಸಂಗತಿ ಅಂಗಡಿ ನಡೆಸಿದ ಮನುಷ್ಯನಿಗೆ ಹೊಳೆಯಲಿಲ್ಲ.

ಆ ದಿನ ನಾನು ಲೋಕಲ್ ಇಳಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗೇಟಿನಲ್ಲಿ ವಾಚ್‌ಮನ್ ಓಡಿ ಬಂದ. ಮಗಳು ಸ್ಕಿಪ್ಪಿಂಗ್ ಹಗ್ಗ ಹಿಂದೆ ಎಳೆದುಕೊಂಡು ಓಡುತ್ತಿದ್ದಳಂತೆ. ನೆಲದ ಮೇಲೆ ಹಾವಿನ ಹಾಗೆ ಹರಿಯುವ ಹಗ್ಗ, ಅದರ ಹಿಂದೆ ಓಡಲೆಂದೇ ಹುಟ್ಟಿದ ನಾಯಿ. ಅವಳು ಹೆದರಿ ಇನ್ನೂ ಜೋರಾಗಿ ಓಡಿದ್ದಾಳೆ, ಬಿದ್ದಿದ್ದಾಳೆ, ಅದು ಕಾಲಿಗೆ ಬಾಯಿ ಹಾಕಿದೆ. "ಕಾಕಾ ನೇ ಮುಹ್ ಖೋಲಾ ಮ್ಯಾಡಮ್" ಅಂದ ವಾಚ್‌ಮನ್. "ಪೂರಾ ಖೋಲಾ. ಆವಾಜ್ ನಹೀ ನಿಕ್ಲಾ." ಬಾಯಿ ಪೂರ್ತಿ ತೆರೆದರಂತೆ, ದನಿ ಹೊರಡಲಿಲ್ಲವಂತೆ. ಆಮೇಲೆ ಓಡಿ ಬಂದು ನಾಯಿಯ ಮೇಲೆ ಬಿದ್ದು, ಅದರ ದವಡೆಯನ್ನು ಕೈಯಿಂದಲೇ ಬಿಡಿಸಿದರಂತೆ.

ನಾನಲ್ಲಿ ಇದ್ದಿದ್ದರೆ ಕೂಗುತ್ತಿದ್ದೆ, ಅದು ನಿಲ್ಲುತ್ತಿತ್ತೋ ಏನೋ. ಆದರೆ ನಾಯಿ ನನ್ನದಲ್ಲ. ಸಾಕಿದವರು ಬೇರೆ, ಕೂಗಿ ನಿಲ್ಲಿಸಬೇಕಾದವಳು ನಾನೇ?

ಮಗಳ ಮೀನಖಂಡ ಹರಿದಿತ್ತು. ಗದ್ದ ಒಡೆದಿತ್ತು. ಹೊಲಿಗೆ, ಇಂಜೆಕ್ಷನ್ನು. ಪ್ರತಿ ಸಲ ಇಂಜೆಕ್ಷನ್ನಿಗೆ ಹೋದಾಗಲೂ ಆಸ್ಪತ್ರೆಯ ಬೆಂಚಿನ ತುದಿಯಲ್ಲಿ ಕಾಕಾ ಕೂತಿರುತ್ತಿದ್ದರು. ಅವರ ಕೈಗೂ ಪಟ್ಟಿ ಸುತ್ತಿತ್ತು. ಎದ್ದು ನಿಲ್ಲುತ್ತಿದ್ದರು. ಮಗಳು ನನ್ನ ಸೆರಗಿನ ಹಿಂದೆ ಅಡಗುತ್ತಿದ್ದಳು. ನಾನು ಅವರನ್ನು ದಾಟಿ ಒಳಗೆ ಹೋಗುತ್ತಿದ್ದೆ. ಮೊದಲ ದಿನ ಉರಿಯುವಷ್ಟು ಸಿಟ್ಟಿತ್ತು. ಆಮೇಲೆ ಅದೂ ಇಲ್ಲ. ಬೆಂಚಿದೆ, ಫ್ಯಾನಿದೆ, ಒಬ್ಬ ಮುದುಕರು ನಿಂತಿದ್ದಾರೆ, ಅಷ್ಟೇ ಕಾಣುತ್ತಿತ್ತು.

ಸೊಸೈಟಿಯ ಮೀಟಿಂಗ್ ಕೆಳಗೆ ಪಾರ್ಕಿಂಗಿನಲ್ಲೇ ನಡೆಯಿತು. ಒಬ್ಬರು ಪೊಲೀಸು ಅಂದರು, ಒಬ್ಬರು ನಾಯಿ ಇಟ್ಟುಕೊಳ್ಳುವುದು ಅವರ ಹಕ್ಕು, ಕಟ್ಟಿಕೊಂಡಿರಲಿ ಅಂದರು. ಕಾಕಾ ಷರ್ಟಿನ ಜೇಬಿನಿಂದ ಹೊಸ ಬೆಲ್ಟು ತೆಗೆದು ಎಲ್ಲರಿಗೂ ತೋರಿಸಿದರು. ಬೆಲೆಯ ಚೀಟಿ ಕೂಡ ಕಿತ್ತಿರಲಿಲ್ಲ. ಮಗ ಪಕ್ಕದಲ್ಲಿ ನಿಂತು "ಪಪ್ಪಾ ಅಬ್ ಬಾಂಧ್ ಕೇ ರಖೇಂಗೇ" ಅಂದ. ಇನ್ನುಮೇಲೆ ಕಟ್ಟುತ್ತಾರಂತೆ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಕನ್ನಡದಲ್ಲೇ ಹೇಳಿದೆ, ಕಾಕಾರಿಗೆ ನೇರವಾಗಿ ಮುಟ್ಟಲಿ ಅಂತ.

"ಕಾಕಾ, ಅದು ಇಲ್ಲಿರೋ ತನಕ ನನ್ನ ಮಗಳು ಮನೆಯಿಂದ ಕೆಳಗಿಳಿಯಲ್ಲ. ಇಳಿಸೋಕೆ ನೋಡಿದರೆ ಉಚ್ಚೆ ಹೊಯ್ದುಕೊಳ್ತಾಳೆ. ಸ್ಕೂಲಿಗೆ ಹೊತ್ಕೊಂಡು ಹೋಗ್ತಿದ್ದೀನಿ. ನೀವೇ ಹೇಳಿ ಏನು ಮಾಡಲಿ."

ಕಾಕಾ ಬೆಲ್ಟನ್ನು ಸುತ್ತಿ ಮತ್ತೆ ಜೇಬಿಗೆ ಹಾಕಿಕೊಂಡರು. ಮಗನ ಭುಜ ತಟ್ಟಿ, ಕೈಯನ್ನು ದೂರಕ್ಕೆ ಬೀಸಿದರು. ಕಳಿಸಿಬಿಡು ಅಂತ. ಯಾರೂ ಅವರನ್ನು ಒತ್ತಾಯ ಮಾಡಬೇಕಾಗಲಿಲ್ಲ.

ಕರ್ಜತ್ ಕಡೆ ಮಗನ ಪರಿಚಯದವರ ತೋಟವಿತ್ತು, ಅಲ್ಲಿಗೆ ಅಂತಾಯಿತು. ಶನಿವಾರ ಬೆಳಿಗ್ಗೆ ತೋಟದವರ ಟೆಂಪೋ ಬಂತು. ನಾನು ಗ್ಯಾಲರಿಯಲ್ಲಿ ಬಟ್ಟೆ ಒಣಗಹಾಕುತ್ತಿದ್ದೆ. ಹುಟ್ಟಿದಮೇಲೆ ಮೊದಲ ಸಲ ಗುಂಡ್ಯಾನ ಕೊರಳಿಗೆ ಬೆಲ್ಟು ಬಿದ್ದಿತ್ತು. ಅದು ನಾಲ್ಕೂ ಕಾಲು ಊರಿ ನಿಂತುಬಿಟ್ಟಿತು. ಡ್ರೈವರ್ ಎಳೆದ, ನೆಲಕ್ಕೆ ಬಿದ್ದು ಹೊರಳಿತು. ಮಗ ಎತ್ತಲು ಹೋದ, ಹಲ್ಲು ತೋರಿಸಿತು. "ಚಲ್, ಹತ್ತು, ಹತ್ತು" ಅಂತ ಅವನೂ ಹೇಳಿ ನೋಡಿದ, ಹಲ್ಲು ಇನ್ನಷ್ಟು ಕಂಡವು. ಕಾಕಾ ಎದುರಿಗೆ ಬಂದು ಕೈಯಾಡಿಸಿದರು. ನಿಲ್ಲುವುದಕ್ಕೆ, ಕೂರುವುದಕ್ಕೆ ಕೈ ಕಲಿಸಿದ್ದರು, ಟೆಂಪೋ ಹತ್ತುವುದಕ್ಕೆ ಕಲಿಸಿರಲಿಲ್ಲ. ಆಪರೇಷನ್ ಆದಮೇಲೆ ಭಾನುವಾರದ ಸವಾರಿ ಎಲ್ಲಿತ್ತು? ನಾಯಿ ಅವರ ಬಾಯಿಯನ್ನೇ ನೋಡುತ್ತಿತ್ತು. ಡ್ರೈವರ್ ತನ್ನ ಸೀಟಿನ ಕೆಳಗಿನಿಂದ ಕೋಲು ತೆಗೆದ.

ಆಗ ಕಾಕಾ ತಲೆ ಎತ್ತಿ ಗ್ಯಾಲರಿಯ ಕಡೆ ನೋಡಿದರು. ನನಗೆ ಬೆರಳು ತೋರಿಸಿದರು. ತಮ್ಮ ಬಾಯಿ ತೋರಿಸಿಕೊಂಡರು. ಟೆಂಪೋ ತೋರಿಸಿದರು. ಕೈ ಮುಗಿದರು.

ಇಳಿದು ಹೋದೆ. ಒದ್ದೆ ಕೈ ಸೆರಗಿಗೆ ಒರೆಸಿಕೊಂಡದ್ದು ನೆನಪಿದೆ. ನಾಯಿಯ ಹತ್ತಿರ ನಿಂತೆ. ನನ್ನ ಮಗಳ ಕಾಲು ಹರಿದ ಬಾಯಿ ಅದು, ಹತ್ತಿರದಿಂದ ನೋಡಿದರೆ ಬರೀ ನಾಯಿಯ ಬಾಯಿ. "ಗುಂಡ್ಯಾ, ಹತ್ತು" ಅಂದೆ. ಕಿವಿ ನಿಮಿರಿತು, ಕಾಲು ಕದಲಲಿಲ್ಲ. ಕಾಕಾ ನನ್ನ ಮುಖ ನೋಡಿ ತಲೆ ಅಲ್ಲಾಡಿಸಿದರು, ಹಾಗಲ್ಲ ಅಂತ. ಹೇಗೆ ಅಂತ ನನಗೂ ಗೊತ್ತಿತ್ತು. ಆದರೆ ಆ ದನಿ ನಾನು ತಮಾಷೆಗೆ ಮಾಡುತ್ತಿದ್ದದ್ದು… ಗಂಟಲು ಸರಿಮಾಡಿಕೊಂಡೆ.

"ಏ ಗುಂಡ್ಯಾ! ಹತ್ತಲೇ!"

ಒಂದೇ ನೆಗೆತ. ಡಾಲಾದ ಮೇಲೆ ನಿಂತು, ಬಾಲ ಅಲ್ಲಾಡಿಸುತ್ತ, ಪಕ್ಕದಲ್ಲಿ ಕಾಕಾ ಹತ್ತಲಿ ಅಂತ ಜಾಗ ಬಿಟ್ಟು ಕಾಯಿತು. ಭಾನುವಾರ ಅಂದುಕೊಂಡಿತ್ತು. ಡ್ರೈವರ್ ಹಿಂಬಾಗಿಲು ಹಾಕಿ ಚಿಲಕ ಜಡಿದ. ಗಾಡಿ ಗೇಟು ದಾಟಿ ರಸ್ತೆಗೆ ಸೇರಿತು. ಕಾಕಾ ನನ್ನ ತಲೆಯ ಮೇಲೆ ಕೈಯಿಟ್ಟರು, ಮಗಳಿಗೆ ಆಶೀರ್ವಾದ ಮಾಡುವ ಹಾಗೆ. ನನಗೆ ಏನಾದರೂ ಅನ್ನಿಸಬೇಕಿತ್ತು. ಏನೂ ಅನ್ನಿಸಲಿಲ್ಲ. ಮೇಲೆ ಹೋಗಿ ಉಳಿದ ಬಟ್ಟೆ ಒಣಗಹಾಕಿದೆ.

ಆ ಸಂಜೆ ಮಗಳು ತಾನಾಗಿ ಮೆಟ್ಟಿಲಿಳಿದಳು. ಅರ್ಧಕ್ಕೆ ನಿಂತು ಬಗ್ಗಿ ನೋಡಿ, ಮತ್ತೆ ಇಳಿದಳು. ಕಾಕಾ ತಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಅದನ್ನು ನೋಡುತ್ತಿದ್ದರು. ದೀಪಾವಳಿಗೆ ಮುಂಚೆಯೇ ಹೋದರು. ಗಡ್ಡೆ ಮತ್ತೆ ಬಂದಿತ್ತು. ನಾಯಿ ಆ ತೋಟದಲ್ಲಿ ಒಂದು ವರ್ಷ ಇತ್ತಂತೆ, ಆಮೇಲಿನದು ಮಗನಿಗೂ ಗೊತ್ತಿರಲಿಲ್ಲ. ಅವರು ಮನೆ ಮಾರಿದರು, ನಾವೂ ಸಯನ್‌ಗೆ ಬಂದೆವು.

ನಾಯಿಯನ್ನು ಕಳಿಸಿದ್ದು ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ. ಮಗಳಿಗೀಗ ಹತ್ತೊಂಬತ್ತು. ಕಾಲಿನ ಕಲೆ ಮುಚ್ಚುವ ಹಾಗೆ ಪ್ಯಾಂಟ್ ಹಾಕುತ್ತಾಳೆ, ನಾಯಿ ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಾಳೆ. "ಅಮ್ಮಾ, ವೋ ನೀಚೇವಾಲೇ ಕಾಕಾ, ಅವರು ಹೇಗೆ ಮಾತಾಡ್ತಾ ಇದ್ರು?" ಅಂತ ಒಮ್ಮೆ ಕೇಳಿದಳು. ಅವಳಿಗೆ ಕೆಳಗಿನ ಮನೆಯ ಕಾಕಾ ಅಂದರೆ ಆ ಬಿಳೀ ಬಟ್ಟೆ ಸುತ್ತಿದ ಕೊರಳೊಂದೇ ನೆನಪು. ಹೇಳಲು ಹೋದೆ. ಅವರು ಆಡಿದ್ದೆಲ್ಲ ನನಗೆ ನೆನಪಿದೆ, ತಂಗೀ ಅಂದದ್ದು, ಬೆಲ್ಲದ ಸಾರು ಅಂತ ನಕ್ಕದ್ದು, ಗೇಟಿನಿಂದ ಕೂಗಿದ್ದು… ಕಿವಿಗೊಟ್ಟರೆ ಅಷ್ಟೂ ನನ್ನ ದನಿಯಲ್ಲೇ ಕೇಳುತ್ತದೆ. ಅವರದು ಹೋಗಿದೆ.