ಅಣ್ಣನ ಏಣಿಯ ಮೇಲೊಂದು ಕಣ್ಣು

ಅಮೆರಿಕದ ವಿಸ್ಕಾನ್ಸಿನ್ನಿನ ವರ್ಲಿನ್ ತನ್ನ ಕಾಡಿನಲ್ಲಿ ಎಲೆಗೊಂದರಂತೆ ಕ್ಯಾಮೆರಾ ಕಟ್ಟಿದ್ದಾನೆ. ಜಿಂಕೆ ಸೀನಿದರೂ ಚಿತ್ರ ಅವನ ಫೋನಿಗೆ ಬಂದು ಬೀಳುತ್ತದೆ. ಕೊಂಬಿನ ಗಂಡು ಜಿಂಕೆಗಳಿಗೆಲ್ಲ ಹೆಸರಿಟ್ಟವನು ಮೊಮ್ಮಕ್ಕಳ ಹೆಸರನ್ನು ಮಾತ್ರ ಹೆಂಡತಿ ಡಾರ್ಲಾಳನ್ನು ಕೇಳುತ್ತಾನೆ. ಒಂದು ಕ್ಯಾಮೆರಾ ಅಣ್ಣ ಆರಿನ್ ಬೇಟೆಗೆ ಹತ್ತಿ ಕೂರುವ ಮರದ ಏಣಿಯನ್ನೇ ನೋಡುತ್ತಿರುತ್ತದೆ. "ನನ್ನ ಜಿಂಕೆ ಹೊಡ್ಕೊಂಡು ಹೋಗ್ತಾನೆ ಕಳ್ಳ, ಕಾಯ್ಬೇಕು," ಎನ್ನುತ್ತಾನೆ. ಹೋದ ವರ್ಷ ಅಣ್ಣ ಆ ಏಣಿಯಿಂದಲೇ ಜಾರಿ, ಸೊಂಟ ಮುರಿದು, ಬೆಳಗಾಗುವವರೆಗೆ ಹಿಮದಲ್ಲಿ ಬಿದ್ದಿದ್ದ. ಇವತ್ತು ಮಧ್ಯಾಹ್ನ ಏಣಿ ಹತ್ತಿದ ಅಣ್ಣ ಕತ್ತಲಾದರೂ ಇಳಿದ ಚಿತ್ರ ಬಂದಿಲ್ಲ. ತಟ್ಟೆಯ ಊಟ ತಣ್ಣಗಾಗಿದೆ. ಫೋನು ಮಿಡಿಯುತ್ತದೆ: ವರ್ಷವೆಲ್ಲ ಕಾದಿದ್ದ ದೊಡ್ಡ ಕೊಂಬಿನ ಗಂಡು. "ಥೂ, ನಿನ್ನ ಯಾರು ಕರೆದ್ರೋ!" ಎಂದು ಅದಕ್ಕೇ ಬೈಯುತ್ತಾನೆ ವರ್ಲಿನ್. "ನಿಮ್ಮಣ್ಣನಿಗೇ ಫೋನ್ ಮಾಡ್ಬಾರ್ದಾ?" ಎನ್ನುತ್ತಾಳೆ ಡಾರ್ಲಾ. "ಮಾಡಿದ್ರೆ ಪ್ರೀತಿ ಅಂದ್ಕೊಂಡ್ಬಿಡ್ತಾನೆ ಕಣೇ!" ಬೂಟಿಗೆ ಕಾಲು ತೂರಿಸುವಾಗ ಮತ್ತೊಂದು ಚಿತ್ರ: ಏಣಿಯ ಬುಡದಲ್ಲಿ ಅಣ್ಣ, ಕ್ಯಾಮೆರಾಕ್ಕೆ ನಾಲಗೆ ಚಾಚಿ ನಿಂತಿದ್ದಾನೆ. "ಕಳ್ಳ," ಎಂದು ವರ್ಲಿನ್ ತಟ್ಟೆ ಎಳೆದುಕೊಳ್ಳುತ್ತಾನೆ.