ಬ್ರೇಕಣ್ಣನ ಇಳಿಜಾರು

ಗುಡ್ಡದ ಕೆಸರಿನಲ್ಲಿ ನಡೆಯುವ ಸೈಕಲ್ ರೇಸಿನಲ್ಲಿ ಹನ್ನೊಂದು ವರ್ಷ ಬಿಡದೆ ಕೊನೆಯವನಾಗಿ ಬರುವುದು ಹುಡುಗಾಟವಲ್ಲ. ಒಂದು ವರ್ಷ ಯಾರೋ ಕಾಲು ಉಳುಕಿಸಿಕೊಂಡು, ಸೈಕಲ್ಲನ್ನು ಹೆಗಲಿಗೇರಿಸಿ, ಕುಂಟುತ್ತ, ನಡುವೆ ಎರಡು ಕಡೆ ಕೂತು ಸುಧಾರಿಸಿಕೊಂಡು ಬಂದ. ಅವನೂ ನಮ್ಮ ಕಥಾನಾಯಕನಿಗಿಂತ ಮುಂದೆ ಬಂದ. ಇನ್ನೊಂದು ವರ್ಷ ಇವನು ಗುರಿ ಮುಟ್ಟುವ ಹೊತ್ತಿಗೆ ಡೇರೆ ಬಿಚ್ಚಿ, ಹಗ್ಗ ಸುತ್ತಿ, ಗಾಡಿಗೆ ಹಾಕಿಯಾಗಿತ್ತು. ಇವನ ಹಿಂದಿನ ಚಕ್ರಕ್ಕೂ ಒಂದು ಪೊದೆಗೂ ನಡುವೆ ಜೇಡ ಬಲೆ ಹೆಣೆದು, ಮೊಟ್ಟೆಯಿಟ್ಟು, ಮರಿ ಮಾಡಿತ್ತೆಂದು ನೋಡಿದವರೇ ಹೇಳುತ್ತಾರೆ. ಅವರು ಸುಳ್ಳು ಹೇಳುವವರಲ್ಲ. ಮೊಟ್ಟೆಯ ಲೆಕ್ಕದಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇರಬಹುದು.

ಅವನಿಗೆ ಒಂದು ಡ್ರೈಕ್ಲೀನಿಂಗ್ ಅಂಗಡಿ ಇತ್ತು. ಸೈಕಲ್ ಕ್ಲಬ್ಬಿನಲ್ಲಿ ಅವನ ಹೆಸರು ಬ್ರೇಕಣ್ಣ. ಏರಿನಲ್ಲಿ ಅವನು ನಿಧಾನ, ಅದು ವಯಸ್ಸಿಗೆ ತಕ್ಕ ಮಾತು. ಆದರೆ ಇಳಿಜಾರಿನಲ್ಲಿ ಅದಕ್ಕಿಂತ ನಿಧಾನ. ಎರಡೂ ಬ್ರೇಕು ಹಿಂಡಿ, ಕಣ್ಣು ಕಿರಿದು ಮಾಡಿ, ಮದುವೆಯಾಗಿ ಗಂಡನ ಮನೆಗೆ ಹೊರಟ ಹುಡುಗಿಯ ಹಾಗೆ ಹೆಜ್ಜೆ ಹೆಜ್ಜೆಗೂ ಹಿಂದೆ ನೋಡುತ್ತ ಇಳಿಯುತ್ತಿದ್ದ. ಹಾಗಂತ ಅವನಿಗೆ ನಾಚಿಕೆಯೇನೂ ಇರಲಿಲ್ಲ. ಮುಂದೆ ಹೋದ ನಲವತ್ತೊಂದು ಜನವೂ ಮೂರ್ಖರು, ಉಳಿದ ಒಬ್ಬ ಬುದ್ಧಿವಂತ ಎಂಬುದು ಅವನ ಸಿದ್ಧಾಂತ.

ಈ ಸಿದ್ಧಾಂತಕ್ಕೆ ಪುರಾವೆ ಪ್ರತಿ ಸೋಮವಾರ ಅಂಗಡಿಗೆ ತಾನಾಗಿ ನಡೆದು ಬರುತ್ತಿತ್ತು. ಕ್ಲಬ್ಬಿನವರೆಲ್ಲ ಕೆಸರಾದ ಅಂಗಿ ಚಡ್ಡಿಗಳನ್ನು ಅಲ್ಲಿಗೇ ತಂದು ಸುರಿಯುತ್ತಿದ್ದರು. ಇವನು ಒಂದೊಂದನ್ನೇ ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು, ಕಲೆ ನೋಡಿ ಜಾತಕ ಓದುತ್ತಿದ್ದ. "ಇದು ಕೆಂಪು ಮಣ್ಣು, ಅಂದ್ರೆ ಮೂರನೇ ತಿರುವು. ಎಡಗಡೆ ಬಿದ್ದಿದಾನೆ. ಇದು ನೋಡು, ಹುಲ್ಲಿನ ಹಸಿರು. ಬಿದ್ದ ಮೇಲೆ ಹತ್ತಡಿ ಜಾರಿದಾನೆ. ಇದು ಹಲ್ಲಿನ ಡಾಕ್ಟರದು, ಪೂರ್ತಿ ಹಿಂಭಾಗಕ್ಕೇ ಆಗಿದೆ. ಕುಂಡೆ ಮೇಲೆ ಕೂತ್ಕೊಂಡೇ ಗುಡ್ಡ ಇಳಿದಿದಾನೆ ಮಹಾನುಭಾವ. ಅದಕ್ಕೆ ಅಷ್ಟು ದುಬಾರಿ ಸೈಕಲ್ ಯಾಕೆ ಬೇಕಿತ್ತೋ!"

ಹಲ್ಲಿನ ಡಾಕ್ಟರ ಸೈಕಲ್ಲೆಂದರೆ ಇವನಿಗೆ ಮೈಯೆಲ್ಲ ಉರಿ. ಅದು ಎಷ್ಟು ಹಗುರವೆಂದರೆ ಗಾಳಿ ಬೀಸಿದ ದಿನ ಅದನ್ನು ಕಂಬಕ್ಕೆ ಕಟ್ಟಬೇಕು. ಊರಿನ ಅರ್ಧ ಜನರ ಬುದ್ಧಿಹಲ್ಲು ಆ ಸೈಕಲ್ಲಿನಲ್ಲಿ ಸೇರಿಹೋಗಿದೆ. ಡಾಕ್ಟರು ರೇಸಿಗೆ ಮುಂಚೆ ಬಾಳೆಹಣ್ಣನ್ನು ತಕ್ಕಡಿಯಲ್ಲಿ ತೂಗಿ ತಿನ್ನುತ್ತಾರೆ, ಸಿಪ್ಪೆಯನ್ನು ಬೇರೆ ತೂಗುತ್ತಾರೆ. ಇಷ್ಟೆಲ್ಲ ಮಾಡಿ ಬರುವುದು ಇಪ್ಪತ್ತೈದನೆಯವರಾಗಿ. ಇವನು ಬಾಳೆಹಣ್ಣನ್ನು ತೂಗದೇ ತಿಂದು ನಲವತ್ತೆರಡನೆಯವನಾಗಿ ಬರುತ್ತಿದ್ದ. ಲಾಭ ಯಾರಿಗೆ, ನೀವೇ ಹೇಳಿ.

ತೊಂದರೆ ಶುರುವಾದದ್ದು ಮನೆಯಲ್ಲಿ. ಅಂಗಡಿಯ ಹಿಂದೆಯೇ ಮನೆ; ಒಂದು ಅಡುಗೆಮನೆ, ಒಂದು ಮಲಗುವ ಕೋಣೆ, ಮತ್ತೆ ಎಂಟಡಿಗೆ ಆರಡಿಯ ಒಂದು ಚಿಕ್ಕ ಕೋಣೆ. ಆ ಚಿಕ್ಕ ಕೋಣೆಗೆ ಮಾತ್ರ ಬೆಳಕು ಚೆನ್ನಾಗಿ ಬರುವ ಕಿಟಕಿ ಇತ್ತು. ಅಲ್ಲಿ ಎರಡು ಕೊಕ್ಕೆಗಳಿಂದ ಸೈಕಲ್ಲು ಗೋಡೆಯಲ್ಲಿ ನೇತಾಡುತ್ತ ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ಹದಿನಾರು ವರ್ಷದ ಮಗಳು ಅಂಗಡಿಯ ಇಸ್ತ್ರಿ ಮೇಜಿನ ಮೂಲೆಯಲ್ಲಿ, ಯಾರದೋ ಪ್ಯಾಂಟುಗಳ ಕಾಲುಗಳ ನಡುವೆ ಪುಸ್ತಕ ಇಟ್ಟುಕೊಂಡು ಓದುತ್ತಿದ್ದಳು. ಒಂದು ಸಲ ಅವಳ ಲೆಕ್ಕದ ಪುಸ್ತಕಕ್ಕೂ ಇಸ್ತ್ರಿ ಬಿದ್ದು, ಪುಸ್ತಕ ನೀಟಾಗಿ ಮಡಚಿಕೊಂಡಿತು.

"ಅಪ್ಪ, ಸೈಕಲ್ಲು ಓದಲ್ಲ ಅಲ್ವಾ?" ಎಂದು ಮಗಳು ಕೇಳಿದಳು. "ಅದಕ್ಕೆ ಕಿಟಕಿ ಯಾಕೆ?"

"ತೇವ ಆದ್ರೆ ತುಕ್ಕು ಹಿಡಿಯತ್ತಮ್ಮ."

"ನಂಗೂ ಹಿಡೀತಾ ಇದೆ."

ಹೆಂಡತಿ ಕಾಲರಿಗೆ ಬ್ರಷ್ ತಿಕ್ಕುತ್ತಿದ್ದವಳು ತಲೆಯೆತ್ತಲಿಲ್ಲ. ಬ್ರಷ್ಷಿನ ಸದ್ದು ಮಾತ್ರ ನಿಂತಿತು. ಆ ಮನೆಯಲ್ಲಿ ಬ್ರಷ್ಷಿನ ಸದ್ದು ನಿಂತರೆ ಗೋಡೆಯ ಗಡಿಯಾರವೂ ಒಂದು ಕ್ಷಣ ಉಸಿರು ಬಿಗಿಹಿಡಿಯುತ್ತಿತ್ತು.

"ರೀ, ಒಂದು ಮಾತು," ಎಂದಳು. "ಈ ಸಲಾನೂ ಕೊನೇಲಿ ಬಂದ್ರೆ ಸೈಕಲ್ಲು ಮನೆಯಿಂದ ಆಚೆ. ಕೋಣೆ ಅವಳಿಗೆ. ಕೊನೇಲಿ ಬರ್ಲಿಲ್ಲ ಅಂದ್ರೆ ನಾನು ಇನ್ನು ಬಾಯಿ ಬಿಡಲ್ಲ. ಸರೀನಾ?"

"ಹನ್ನೊಂದು ವರ್ಷದ ಅನುಭವ ಇದೆ ಕಣೇ ನಂಗೆ."

"ಕೊನೇಲಿ ಬರೋ ಅನುಭವ ತಾನೆ? ಅದನ್ನ ಯಾರೂ ಕಿತ್ಕೊಳಲ್ಲ ಬಿಡಿ."

ಹನ್ನೊಂದು ವರ್ಷದಲ್ಲಿ ಮೊದಲ ಸಲ ಬ್ರೇಕಣ್ಣನಿಗೆ ಒಂದು ರೇಸು ಗೆಲ್ಲಬೇಕಾಗಿ ಬಂತು. ಗೆಲ್ಲುವುದೆಂದರೆ ನಲವತ್ತೊಂದನೆಯವನಾಗುವುದು.

ರೇಸಿನ ಹಿಂದಿನ ದಿನ ಮಧ್ಯಾಹ್ನ ಅಂಗಡಿಯಲ್ಲಿ ಅವನು ತಲೆ ಓಡಿಸಿದ. ತಾನು ಹಿಂದೆ ಬೀಳುವುದು ಬ್ರೇಕಿನಿಂದ ಎಂದು ಅವನಿಗೆ ಹೊಳೆಯಲೇ ಇಲ್ಲ. ಕುಣಿಯಲಾರದವಳಿಗೆ ನೆಲ ಡೊಂಕಾಗಿ ಕಾಣುವಂತೆ ಇವನಿಗೆ ಕಂಡದ್ದು ಕೆಸರು. ಆ ಗುಡ್ಡದ ಕೆಸರು ಅಂತಿಂಥದ್ದಲ್ಲ. ಮೂರು ವರ್ಷದ ಹಿಂದೆ ಅದು ಒಬ್ಬನ ಎಡಗಾಲಿನ ಶೂ ನುಂಗಿತ್ತು. ಹೋದ ವರ್ಷ ಅದೇ ಶೂ ಮೇಲೆ ಬಂದಾಗ ಎರಡು ಸೈಜು ಬೆಳೆದಿತ್ತು. ಚಕ್ರಕ್ಕೂ ಚೌಕಟ್ಟಿಗೂ ನಡುವೆ ಕೆಸರು ಮೆತ್ತಿಕೊಂಡರೆ ಸೈಕಲ್ಲಿನ ಭಾರ ಎರಡರಷ್ಟಾಗುತ್ತದೆ. ಕೆಸರೇ ಅಂಟದ ಹಾಗೆ ಮಾಡಿದರೆ?

ಅಂಗಡಿಯಲ್ಲಿ ರೇನ್‌ಕೋಟುಗಳಿಗೆ ನೀರು ನಿಲ್ಲದಂತೆ ಹೊಡೆಯುವ ಸ್ಪ್ರೇ ಡಬ್ಬಿ ಇತ್ತು. ಅದನ್ನು ಹೊಡೆದ ಬಟ್ಟೆಯ ಮೇಲೆ ನೀರಿನ ಹನಿ ಮಣಿಯಂತೆ ಉರುಳಿಹೋಗುತ್ತದೆ. ಬೇರೆಯವರಾಗಿದ್ದರೆ ಚೌಕಟ್ಟಿಗೆ ನಾಲ್ಕು ಕಡೆ ಪುಸ್ ಎನಿಸಿ ಎದ್ದುಹೋಗುತ್ತಿದ್ದರು. ಇವನು ಡ್ರೈಕ್ಲೀನಿಂಗಿನವನು, ಹೊಲಿಗೆಯ ಒಳಗಿನ ಎಳೆಯನ್ನೂ ಬಿಡುವ ಜಾತಿಯಲ್ಲ. ಸೈಕಲ್ಲನ್ನು ಇಸ್ತ್ರಿ ಮೇಜಿನ ಮೇಲೆ ತಲೆಕೆಳಗಾಗಿ ನಿಲ್ಲಿಸಿ, ಮಗಳ ಪುಸ್ತಕಗಳನ್ನು ನೆಲಕ್ಕಿಳಿಸಿ, ಒಂದಂಗುಲವೂ ಬಿಡದೆ ಹೊಡೆದ. ಚೌಕಟ್ಟಿಗೆ ಹೊಡೆದ, ಚಕ್ರದ ಕಡ್ಡಿಗಳಿಗೆ ಹೊಡೆದ. ಚಕ್ರದ ನಡುವೆ ಬ್ರೇಕು ಹಿಡಿದುಕೊಳ್ಳುವ ಎರಡು ಉಕ್ಕಿನ ತಟ್ಟೆಗಳಿಗೆ ಎರಡೆರಡು ಸಲ ಹೊಡೆದು, ಹಳದಿ ಬಟ್ಟೆಯಿಂದ ಉಜ್ಜಿ, ಮುಖ ಕಾಣುವ ಹಾಗೆ ಮಾಡಿದ. ತಟ್ಟೆಯಲ್ಲಿ ಕಂಡ ಮುಖ ನಗುತ್ತಿತ್ತು. ಅದು ಅವನದೇ.

ಮರುದಿನ ಬೆಳಿಗ್ಗೆಯಿಂದಲೇ ಮಳೆ. ಗುಡ್ಡದ ಬುಡದಲ್ಲಿ ನಲವತ್ತೆರಡು ಜನ ಬೆನ್ನಿಗೆ ನಂಬರು ಚುಚ್ಚಿಕೊಂಡು, ನಡುಗುತ್ತ, ಇದು ಸಂತೋಷ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ ನಿಂತಿದ್ದರು. ಹೊತ್ತು ಬರೆದುಕೊಳ್ಳಲು ಮೇಜು ಹಾಕಿ ಕೂತಿದ್ದವರು ನಿವೃತ್ತ ವ್ಯಾಯಾಮದ ಮೇಷ್ಟ್ರು. ಮೂವತ್ತು ವರ್ಷ ಊದಿ ಊದಿ ಅವರ ಮಾತೂ ಸೀಟಿಯಂತೆಯೇ ಆಗಿತ್ತು.

"ಏನ್ ಬ್ರೇಕಣ್ಣ, ಸೈಕಲ್ಲು ಫಳಫಳ ಅಂತಿದೆ! ರೇಸಿಗೆ ಬಂದ್ಯೋ, ವಧು ನೋಡೋಕೆ ಹೊರಟ್ಯೋ?"

"ಈ ಸಲ ನೋಡ್ತಾ ಇರಿ ಮೇಷ್ಟ್ರೇ."

"ನೋಡ್ತೀನಪ್ಪ. ಹೋದ್ ಸಲದ ಹಾಗೆ ಕತ್ಲೆ ಆಗೋದ್ರೊಳಗೆ ಬಾ. ನಂಗೆ ಕನ್ನಡಕ ಬದಲಾಗಿದೆ."

ಸುತ್ತು ಮೂರು. ಪ್ರತಿ ಸುತ್ತಿನಲ್ಲೂ ಒಂದು ಉದ್ದನೆಯ ಏರು. ಅದರ ತುದಿಯಿಂದ ಸೋಪಿನ ಇಳಿಜಾರು ಎಂದು ಎಲ್ಲರೂ ಕರೆಯುವ ಜಾರು. ಅದು ಮುಗಿದಲ್ಲಿ ಮತ್ತೆ ಸಣ್ಣ ದಿಣ್ಣೆ. ಸೀಟಿ ಊದಿದ್ದೇ ತಡ, ಬ್ರೇಕಣ್ಣ ರೂಢಿಯಂತೆ ಕೊನೆಯ ಜಾಗವನ್ನು ಹಿಡಿದುಕೊಂಡ. ಆದರೆ ಕೆಸರು ನಿಜವಾಗಿಯೂ ಅಂಟಲಿಲ್ಲ. ಮುಂದಿನವರ ಚಕ್ರಗಳು ಕುಂಬಾರನ ಮಣ್ಣಿನ ಮುದ್ದೆಗಳಾಗಿದ್ದವು, ಇವನದು ಹೊಸ ನಾಣ್ಯದಂತೆ ಹೊಳೆಯುತ್ತಿತ್ತು. 'ಮೂರ್ಖರು' ಎಂದುಕೊಂಡು ಏರು ಹತ್ತಿದ. ಸೋಪಿನ ಇಳಿಜಾರಿನ ತುದಿಯಲ್ಲಿ ಎರಡೂ ಬ್ರೇಕುಗಳನ್ನು ಭಕ್ತಿಯಿಂದ ಹಿಂಡಿದ.

ಬ್ರೇಕಿನ ತಟ್ಟೆಗಳ ಮೇಲೆ ನೀರು ನಿಲ್ಲುವುದಿಲ್ಲವಷ್ಟೇ. ಬ್ರೇಕೂ ನಿಲ್ಲಲಿಲ್ಲ.

ಮುಂದಿನದನ್ನು ವೇಗ ಎಂದು ಕರೆಯುವುದು ವೇಗಕ್ಕೆ ಅವಮಾನ. ಅವನು ಇಳಿದ ರಭಸಕ್ಕೆ ಮಳೆಯ ಹನಿಗಳು ಹಿಂದೆ ಉಳಿದು, ಅವನಿದ್ದಲ್ಲಿ ಕೆಲಕಾಲ ಬಿಸಿಲು ಬಂತಂತೆ. ಬಾಯಿ ತೆರೆದು ಕೂಗಿದ. ಕೂಗು ಗುಡ್ಡದ ತುದಿಯಲ್ಲೇ ನಿಂತಿತು, ಅವನು ಬುಡದಲ್ಲಿದ್ದ. ನಡುವೆ ನಾಲ್ಕು ಜನ ಹೆದರಿ ಪೊದೆಗೆ ಹಾರಿ ದಾರಿ ಬಿಟ್ಟರು. ಎದುರಿನ ದಿಣ್ಣೆ ಹತ್ತಿದ ಮೇಲೆ ಸೈಕಲ್ಲು ತಾನಾಗಿ ನಿಧಾನವಾಯಿತು. ಬ್ರೇಕಣ್ಣನ ಜೀವ ಇನ್ನೂ ಅರ್ಧ ದಾರಿಯಲ್ಲಿತ್ತು, ಅದು ಬಂದು ಸೇರಲೆಂದು ಕಾದ.

ಅಲ್ಲಿಯೇ ಬಿಟ್ಟುಬಿಡಬಹುದಿತ್ತು. ಬಿಟ್ಟರೆ ಕೊನೆ, ಕೊನೆಯಾದರೆ ಕೋಣೆ. ಎರಡನೇ ಸುತ್ತಿನಲ್ಲಿ ಇಳಿಜಾರಿನ ತುದಿಗೆ ಬಂದವನು ಸೈಕಲ್ಲಿನಿಂದ ಇಳಿದು, ತಳ್ಳಿಕೊಂಡು ಹೋಗೋಣವೆಂದು ಒಂದು ಕಾಲು ಎತ್ತಿದ. ಎತ್ತಿದ ಕಾಲು ಎತ್ತಿದಂತೆಯೇ ಇತ್ತು, ಹಿಂದಿನಿಂದ "ರೀ, ದಾರಿ ಬಿಡ್ರೀ!" ಎಂಬ ಕೂಗು ಕೇಳಿತು. ಹನ್ನೊಂದು ವರ್ಷದಲ್ಲಿ ಅವನ ಹಿಂದಿನಿಂದ ಒಂದು ದನಿ ಬಂದದ್ದು ಅದೇ ಮೊದಲು. ಗಾಬರಿಯಲ್ಲಿ ಕಾಲು ತಿರುಗಿ ಪೆಡಲಿನ ಮೇಲೆ ಬಿತ್ತು. ಹೋದ.

ಈ ಸಲ ಎರಡೂ ಶೂಗಳನ್ನು ನೆಲಕ್ಕೆ ಊರಿ ಉಳುತ್ತ ಹೋದ. ಇಳಿಜಾರಿನ ಉದ್ದಕ್ಕೂ ಎರಡು ನೇಗಿಲ ಸಾಲು ಬಿದ್ದಿತು; ಬಿತ್ತನೆ ಮಾಡುವವರಿದ್ದರೆ ಬೆಳೆ ತೆಗೆಯಬಹುದಿತ್ತು. ದಾರಿಯ ಬದಿಯಲ್ಲಿ ನಿಂತ ಜನ "ಬ್ರೇಕಣ್ಣಾ! ಬ್ರೇಕಣ್ಣಾ!" ಎಂದು ಕುಣಿದರು. ಅಲ್ಲೇ ಕೆಳಗೆ ಹಲ್ಲಿನ ಡಾಕ್ಟರು ತಮ್ಮ ದುಬಾರಿ ಸೈಕಲ್ಲಿನ ಸರಪಳಿಯಿಂದ ಕೆಸರನ್ನು ಕಡ್ಡಿಯಿಂದ ಕೀಳುತ್ತ ನಿಂತಿದ್ದರು, ಥೇಟು ಹಲ್ಲಿನಿಂದ ಕಿತ್ತಂತೆಯೇ. ಅವರ ಕನ್ನಡಕದ ಮೇಲೆ ಒಂದು ಸೇರು ಕೆಸರು ಹಾರಿಸಿ ಬ್ರೇಕಣ್ಣ ದಾಟಿದ. ಮೂರನೇ ಸುತ್ತಿನಲ್ಲಿ ಕಣ್ಣು ಮುಚ್ಚಿಕೊಂಡ. ಈ ಸಲ ದಿಣ್ಣೆಯೂ ಅವನನ್ನು ತಡೆಯಲಿಲ್ಲ; ಗುರಿಯ ಗೆರೆಯಲ್ಲಿ ನಿಲ್ಲಲಾಗದೆ ಮೇಷ್ಟ್ರ ಮೇಜನ್ನು ಸೀಳಿಕೊಂಡು, ಡೇರೆಯ ಬಟ್ಟೆ ಮೈಗೆ ಸುತ್ತಿಕೊಂಡು, ಆಚೆಯ ಬೇಲಿಯಲ್ಲಿ ನಿಂತ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ಇಲ್ಲಿ ಜಟ್ಟಿ ಕಾಣುತ್ತಲೇ ಇರಲಿಲ್ಲ, ಮಣ್ಣಿನ ಮೇಲೆ ಮೀಸೆ ಎಲ್ಲಿದೆಯೆಂದು ಹುಡುಕಬೇಕಾಯಿತು.

ಮೂವತ್ತಮೂರನೆಯ ಸ್ಥಾನ. ಡಾಕ್ಟರು ಮೂವತ್ತನಾಲ್ಕು.

"ಏನು ಧೈರ್ಯ ಕಣಯ್ಯ ನಿಂದು!" ಎಂದರು ಮೇಷ್ಟ್ರು, ಮೇಜಿನ ಒಂದು ಕಾಲನ್ನು ಕೈಯಲ್ಲಿ ಹಿಡಿದುಕೊಂಡೇ. "ಹನ್ನೊಂದು ವರ್ಷ ಎಲ್ಲಿ ಬಚ್ಚಿಟ್ಟಿದ್ದೆ?"

ಬ್ರೇಕಣ್ಣ ಬಾಯೊಳಗಿನ ಕೆಸರು ಉಗುಳಿದ. ನಿಜ ಹೇಳಲು ಅದು ಒಳ್ಳೆಯ ಸಮಯವಾಗಿತ್ತು. "ಬ್ರೇಕು ಹಿಡಿಯೋದು ಹೇಡಿಗಳ ಕೆಲಸ ಮೇಷ್ಟ್ರೇ," ಎಂದ.

ಜನ ಚಪ್ಪಾಳೆ ಹೊಡೆದರು. ಡಾಕ್ಟರು ಕೂಡ ಹೊಡೆದರು. ಆ ಮೇಲೆ ಒಂದು ಮಾತು ಹೇಳಿದರು. ಹಲ್ಲು ಕೀಳುವವರ ಮೃದುವಾದ ದನಿಯಲ್ಲೇ ಹೇಳಿದರು. "ಮುಂದಿನ ಭಾನುವಾರ ನಮಗೆಲ್ಲ ಇಳಿಜಾರಿನ ಪಾಠ ಮಾಡಿ. ಮುಂದೆ ನೀವು, ಹಿಂದೆ ನಾವು. ನಲವತ್ತೊಂದು ಜನ."

"ಅದಕ್ಕೇನಂತೆ," ಎಂದ ಬ್ರೇಕಣ್ಣ. ಬಾಯಿಗೂ ಯಾರೋ ಸ್ಪ್ರೇ ಹೊಡೆದಂತಿತ್ತು, ಮಾತು ಅಂಟದೆ ಜಾರಿಹೋಯಿತು.

ಆ ವಾರವೆಲ್ಲ ಅಂಗಡಿಗೆ ಬಂದವರಿಗೆ ಬಟ್ಟೆಗಿಂತ ಮೊದಲು ಭಾಷಣ ಸಿಕ್ಕಿತು. ಬ್ರೇಕು ಮನುಷ್ಯನನ್ನು ಹೇಗೆ ಕೆಡಿಸುತ್ತದೆ, ಭಯ ಮೊದಲು ಬೆರಳಿಗೆ ಹೇಗೆ ಬರುತ್ತದೆ, ಎಲ್ಲವನ್ನೂ ಹೇಳಿದ. ಹಿಂದೆ ಬಂದ ಒಂಬತ್ತು ಜನರ ಮೇಲೆ ಅವನಿಗೆ ಈಗ ಹೊಸದಾಗಿ ತಾತ್ಸಾರ ಹುಟ್ಟಿತ್ತು. ಮುಂದಿನ ಮೂವತ್ತೆರಡು ಜನರ ಮೇಲಿನ ಹಳೆಯದು ಹಾಗೆಯೇ ಇತ್ತು. ಮಗಳು ಇಸ್ತ್ರಿ ಮೇಜಿನ ಮೂಲೆಯಲ್ಲಿ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದಳು. ಹೆಂಡತಿ ಮಾತು ಉಳಿಸಿಕೊಂಡಳು; ಕೋಣೆಯ ಸುದ್ದಿ ಎತ್ತಲಿಲ್ಲ. ಅವಳೂ ಕಲೆ ಓದಬಲ್ಲವಳು. ಅವನಿಗಿಂತ ಚೆನ್ನಾಗಿಯೇ ಓದುತ್ತಿದ್ದಳು. ಅಂಗಿಯನ್ನು ನೋಡಿದಳು, ಶೂಗಳನ್ನು ತಿರುಗಿಸಿ ನೋಡಿದಳು. ಅಟ್ಟೆ ಸವೆದು ಕಾಲುಚೀಲ ಕಾಣುತ್ತಿತ್ತು. ಆಮೇಲೆ ಶೆಲ್ಫಿನ ಮೇಲಿದ್ದ ಸ್ಪ್ರೇ ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದಳು. ಖಾಲಿ.

ಭಾನುವಾರ ಬೆಳಿಗ್ಗೆ ಹೊರಡುವ ಮುನ್ನ ಅವನು ಚೀಲ ತೆರೆದ. ಬ್ರೇಕಿಗೆ ಹೊಸ ಪ್ಯಾಡು ಹಾಕಿಸಿ, ತಟ್ಟೆಗಳನ್ನು ಸ್ಪಿರಿಟ್ಟಿನಿಂದ ಮೂರು ಸಲ ತೊಳೆದು, ಅವು ಗಕ್ಕನೆ ಹಿಡಿಯುತ್ತವೆಂದು ಅವನು ಅಂಗಳದಲ್ಲಿ ನೋಡಿಕೊಂಡಿದ್ದ. ಚೀಲದಲ್ಲಿ ನೀರಿನ ಬಾಟಲಿ, ಬಾಳೆಹಣ್ಣು. ಅದರಡಿಯಲ್ಲಿ ಮಡಚಿದ ಹಳದಿ ಬಟ್ಟೆ, ಅದರ ಮೇಲೆ ಸ್ಪ್ರೇ ಡಬ್ಬಿ. ಹೊಸದು. ತುಂಬಿದ್ದು.

"ಇದೇನೇ ಇದು?"

ಹೆಂಡತಿ ಕಾಲರಿಗೆ ಬ್ರಷ್ ತಿಕ್ಕುತ್ತಲೇ ಇದ್ದಳು. "ಮರೆತು ಬಿಟ್ಟು ಹೋಗ್ತೀರೇನೋ ಅಂತ ಇಟ್ಟೆ. ಪಾಠ ಅಲ್ವಾ? ನಲವತ್ತೊಂದು ಜನ ಕಾಯ್ತಾ ಇರ್ತಾರೆ. ತಟ್ಟೆಗೆ ಎರಡೆರಡು ಸಲ ಹೊಡೀಬೇಕು ಅಲ್ವಾ?"

ಬ್ರೇಕಣ್ಣ ಡಬ್ಬಿಯನ್ನು ನೋಡಿದ. ಡಬ್ಬಿ ಅವನನ್ನು ನೋಡಿತು. ಸೋಪಿನ ಇಳಿಜಾರು, ಅದರ ತುದಿಯಲ್ಲಿ ತಾನು, ಬೆನ್ನ ಹಿಂದೆ ನಲವತ್ತೊಂದು ಜನ, ಅವರೆದುರಿಗೆ ಎರಡೂ ಬ್ರೇಕು ಹಿಂಡಿ ಇಂಚಿಂಚು ಇಳಿಯುವ ತಾನು, ಎಲ್ಲವೂ ಕಣ್ಣಿಗೆ ಕಟ್ಟಿತು. ಆ ಕ್ಷಣದಲ್ಲಿಯೇ, ಹದಿನಾರು ವರ್ಷದಿಂದ ಒಳಗೆಲ್ಲೋ ಮಲಗಿದ್ದ ಪಿತೃವಾತ್ಸಲ್ಯ ಅವನಲ್ಲಿ ಧಡಕ್ಕನೆ ಎದ್ದು ಕೂತಿತು.

"ಪಾಪ, ಹುಡುಗಿ ಓದೋಕೆ ಎಷ್ಟು ಕಷ್ಟಪಡ್ತಾಳೆ ನೋಡು," ಎಂದ, ಡಬ್ಬಿಯನ್ನು ಚೀಲದಿಂದ ತೆಗೆದು ಹೊರಗಿಡುತ್ತ. "ಅಪ್ಪ ಅನ್ನಿಸಿಕೊಂಡವನು ಇಷ್ಟೂ ತ್ಯಾಗ ಮಾಡದಿದ್ರೆ ಹೇಗೆ?"

ಸೈಕಲ್ಲು ಅದೇ ದಿನ ಕ್ಲಬ್ಬಿಗೆ ದಾನವಾಗಿ ಹೋಯಿತು. ಕೀರ್ತಿಯ ಶಿಖರದಲ್ಲಿರುವಾಗಲೇ ಮಗಳ ಓದಿಗಾಗಿ ಎಲ್ಲವನ್ನೂ ಬಿಟ್ಟ ಮಹಾಪುರುಷನಿಗೆ ಮೇಷ್ಟ್ರು ಎಲ್ಲರೆದುರು ಶಾಲು ಹೊದಿಸಿದರು. ಅವನ ಕಣ್ಣಲ್ಲಿ ನೀರು ಬಂತು. ಡಾಕ್ಟರಿಗೂ ಬಂತು, ಆದರೆ ಅವರ ಭುಜಗಳು ಕುಲುಕುತ್ತಿದ್ದುದನ್ನು ನೋಡಿದರೆ ಅದು ಬೇರೆ ನೀರು. ಬ್ರೇಕಣ್ಣ ಶಾಲನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು, ಅಂಚಿನಲ್ಲಿ ಚಹಾದ ಕಲೆ ಇದೆ, ಹಳೆಯ ಶಾಲು, ಜಿಪುಣರು ಎಂದು ಹೆಂಡತಿಯ ಕಿವಿಯಲ್ಲಿ ಹೇಳಿದ.

ಮಗಳು ಸಂಜೆಯೊಳಗೆ ಕೋಣೆಗೆ ಮೇಜು ಸಾಗಿಸಿಕೊಂಡಳು. ಗೋಡೆಯ ಎರಡು ಕೊಕ್ಕೆಗಳಲ್ಲಿ ಒಂದಕ್ಕೆ ಶಾಲೆಯ ಚೀಲ ನೇತುಹಾಕಿದಳು. ಇನ್ನೊಂದಕ್ಕೆ ರೇನ್‌ಕೋಟು. ಅದಕ್ಕೆ ಅಮ್ಮ ಆಗಲೇ ಹೊಸ ಡಬ್ಬಿಯಿಂದ ಸ್ಪ್ರೇ ಹೊಡೆದಿಟ್ಟಿದ್ದಳು.